ಇಸ್ತ್ರಿ ಅಂಗಡಿಯ ಭಾನುವಾರದ ಫೋನು

ಭಾನುವಾರ ಸಂಜೆ ಇಸ್ತ್ರಿ ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ. ಸೋಮವಾರ ಬೆಳಗಾದರೆ ಎಲ್ಲರಿಗೂ ಗರಿಗರಿ ಬಟ್ಟೆ ಬೇಕು. ಶಾಲೆ ಮಕ್ಕಳ ಯೂನಿಫಾರ್ಮು, ನರ್ಸುಗಳ ಕೋಟು, ಬ್ಯಾಂಕಿನವರ ಅಂಗಿ ಎಲ್ಲವೂ ಗಂಟುಗಂಟಾಗಿ ಬಂದು ಬಾಗಿಲಲ್ಲಿ ಕೂತಿರುತ್ತವೆ. ಅಂಥ ಹೊತ್ತಿನಲ್ಲೇ ಅವಳ ಗಂಡ ತನ್ನ ಒಡಹುಟ್ಟಿದವರನ್ನೆಲ್ಲ ಒಂದೇ ಫೋನಿನಲ್ಲಿ ಕೂಡಿಸುತ್ತಿದ್ದ.

ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ. ಒಂದು ಉದ್ದನೆ ಮೇಜು, ಅದರ ಮೇಲೆ ಮಡಚಿ ಹಾಸಿದ ಹಳೆ ಕಂಬಳಿ, ಕಂಬಳಿಯ ಮೇಲೆ ಅಲ್ಲಲ್ಲಿ ಕಂದು ಕಲೆಯಾದ ಬಿಳಿ ಬಟ್ಟೆ. ಇಸ್ತ್ರಿಪೆಟ್ಟಿಗೆಯ ವೈರು ಕಾಲಿಗೆ ಸಿಗದ ಹಾಗೆ ಮೇಲಿನ ಕೊಕ್ಕೆಯಿಂದ ಇಳಿಬಿದ್ದಿತ್ತು. ಗಂಡ ಇಸ್ತ್ರಿ ಮಾಡುತ್ತಿದ್ದ, ಅವಳು ನೀರು ಚಿಮುಕಿಸಿ ಕೊಡುತ್ತಿದ್ದಳು, ಮಡಚುತ್ತಿದ್ದಳು, ಯಾರದ್ದು ಯಾರಿಗೆ ಅಂತ ಕಟ್ಟಿಡುತ್ತಿದ್ದಳು. ಮದುವೆಯಾದಾಗಿನಿಂದ ಅದೇ ಕೆಲಸ. ಅವರಿಗೆ ಮಕ್ಕಳಾಗಲಿಲ್ಲ. ಆದರೆ ಸಾಕಲು ಮಕ್ಕಳಿಲ್ಲ ಅನ್ನುವ ಕೊರಗು ಬರಲಿಲ್ಲ. ಗಂಡನ ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋಗಿಬಿಟ್ಟಿದ್ದರು. ಇಬ್ಬರು ಮೈದುನಂದಿರು, ಒಬ್ಬಳು ನಾದಿನಿ. ಅವಳು ಈ ಮನೆಗೆ ಕಾಲಿಟ್ಟಾಗ ನಾದಿನಿ ಇನ್ನೂ ಬಟ್ಟೆ ಗಂಟಿನ ಮೇಲೆ ಬೆರಳು ಚೀಪಿಕೊಂಡು ನಿದ್ದೆ ಹೋಗುತ್ತಿದ್ದ ಕೂಸು. ಚಿವ್‌ಚಿವ್ ಅಂತ ಬಾಯಿ ಮುಚ್ಚದ ಕೂಸು. ಅದಕ್ಕೇ ಗುಬ್ಬಿ ಅನ್ನುವ ಹೆಸರು ಅಂಟಿಕೊಂಡಿತು.

ಮೂವರೂ ಬೆಳೆದರು, ಮೂರು ದಿಕ್ಕಿಗೆ ಹೋದರು. ದೊಡ್ಡ ಮೈದುನ ಒಂದು ಕಾಲೇಜು ಹಾಸ್ಟೆಲಿನಲ್ಲಿ ಅಡುಗೆಗೆ ನಿಂತ. ಅವನಿಗೆ ಮನೆಯಲ್ಲಿ ಸೌಟು ಅಂತಲೇ ಹೆಸರು. ಚಿಕ್ಕವನು ಬಸ್ಸು ಓಡಿಸುತ್ತಿದ್ದ. ಅವನನ್ನು ಹೆಂಡತಿ ಕೂಡ ಡ್ರೈವರ್ ಅಂತಲೇ ಕರೆಯುತ್ತಿದ್ದಳು. ಗುಬ್ಬಿ ಬೇಕರಿಯಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದಳು. ದೂರ ಹೋದ ಮೇಲೆ ಪ್ರೀತಿ ಹೆಚ್ಚುತ್ತದೆ ಅಂತಾರಲ್ಲ, ಇವರಲ್ಲಿ ಜಗಳ ಹೆಚ್ಚಿತು. ಒಬ್ಬರಿಗೊಬ್ಬರು ತಾವಾಗಿ ಫೋನ್ ಮಾಡುತ್ತಿರಲಿಲ್ಲ. ಅಣ್ಣ ಕೂಡಿಸಿದರೆ ಮಾತ್ರ ಮಾತು.

ಗಂಡನ ಫೋನು ಯಾರೋ ಬಳಸಿ ಬಿಟ್ಟದ್ದು, ಒಂದು ಮೂಲೆ ಒಡೆದಿತ್ತು. ಆದರೆ ಅವನ ಬೆರಳು ಅದರ ಮೇಲೆ ಸರಾಗವಾಗಿ ಓಡುತ್ತಿತ್ತು. ಮೊದಲು ಸೌಟಿಗೆ ಹಚ್ಚುವುದು. ಅವನು ಎತ್ತಿದ ಮೇಲೆ "ಇರು" ಅಂತ ಹೇಳಿ ಪ್ಲಸ್ ಗುರುತು ಒತ್ತಿ ಡ್ರೈವರನಿಗೆ ಹಚ್ಚುವುದು. ಅವನೂ ಎತ್ತಿದ ಮೇಲೆ ಮರ್ಜ್ ಅಂತ ಒತ್ತಿದರೆ ಇಬ್ಬರೂ ಒಂದೇ ಲೈನಿಗೆ. ಆಮೇಲೆ ಗುಬ್ಬಿ. ಗುಬ್ಬಿ ಯಾವಾಗಲೂ ಕೊನೆಗೆ. ಅವಳು ಮೊದಲು ಬಂದರೆ ಉಳಿದವರಿಗೆ ಜಾಗ ಸಿಗುವುದಿಲ್ಲ ಅಂತ ಅವನ ಲೆಕ್ಕ.

"ಏನಣ್ಣಾ, ಟೆಲಿಫೋನ್ ಎಕ್ಸ್‌ಚೇಂಜು ಶುರು ಆಯ್ತಾ?" ಅಂತ ಡ್ರೈವರ್ ನಗುತ್ತಿದ್ದ.

"ಹ್ಞೂಂ. ಮಾತಾಡಿ," ಅನ್ನುತ್ತಿದ್ದ ಗಂಡ. ಅಷ್ಟೇ ಅವನ ಭಾಷಣ.

ಆಮೇಲೆ ಫೋನನ್ನು ಮಡಚಿದ ಅಂಗಿಗಳ ಮೇಲೆ ಬೋರಲು ಮಲಗಿಸಿ ಇಸ್ತ್ರಿ ಮಾಡುತ್ತಿದ್ದ. ಅವನು ಸ್ಪೀಕರಿನಲ್ಲಿ ಸಣ್ಣ ಸದ್ದಿಗೆ ಇಟ್ಟು ಕೇಳಿಸಿಕೊಳ್ಳುತ್ತಿದ್ದಾನೆ ಅಂತಲೇ ಅವಳು ತುಂಬ ದಿನ ಅಂದುಕೊಂಡಿದ್ದಳು. ಒಂದು ದಿನ ಹತ್ತಿರ ಹೋದರೆ ಫೋನಿನಿಂದ ಸೊಲ್ಲೇ ಇಲ್ಲ.

"ಲೈನ್ ಕಟ್ಟಾಗಿದೆ ಕಣ್ರೀ."

"ಇಲ್ಲ. ಹೋಲ್ಡಲ್ಲಿ ಇಟ್ಟಿದೀನಿ."

"ಅಯ್ಯೋ, ಅವರು?"

"ಅವರವರು ಮಾತಾಡ್ಕೊಳ್ತಾ ಇರ್ತಾರೆ. ಜಗಳನೂ ಆಡ್ಕೊಳ್ತಾರೆ. ನನಗೆ ಕೇಳಲ್ಲ ಅಷ್ಟೇ."

"ಪಾಪ ಕಣ್ರೀ!"

"ಯಾರು ಪಾಪ? ಅವರಾ, ನಾನಾ?" ಅಂತ ನಕ್ಕು ಅಂಗಿಯ ಕಾಲರ್ ತಿರುಗಿಸಿದ. "ಯಾರ ಹತ್ರನೂ ಬಾಯಿ ಬಿಡಬೇಡ. ಅಣ್ಣ ಕೇಳಿಸ್ಕೊಳ್ತಿದಾನೆ ಅಂತ ಒಂದು ಹೆದರಿಕೆ ಇದೆಯಲ್ಲ, ಅದಕ್ಕೇ ಅವರು ಒಂದು ಹದದಲ್ಲಿ ಇರೋದು."

ಒಂದು ಗಂಟು ಅಂಗಿ ಮುಗಿದ ಮೇಲೆ ಫೋನ್ ಎತ್ತಿ, ಹೋಲ್ಡ್ ತೆಗೆದು, "ಹ್ಞಾ, ಆಯ್ತಾ? ಎಲ್ಲರದ್ದೂ ಸರಿಯಿದೆ. ಊಟ ಮಾಡಿ ಮಲ್ಕೊಳ್ಳಿ," ಅನ್ನುತ್ತಿದ್ದ. ಮೂವರೂ ಬಾಯಿ ಮುಚ್ಚುತ್ತಿದ್ದರು. ಎಲ್ಲ ಕೇಳಿಸಿಕೊಂಡು ಅಣ್ಣ ತೂಕದ ಮಾತು ಹೇಳಿದ ಅಂತ ಮೂವರಿಗೂ ಸಮಾಧಾನ. ಅವನು ಲೈನ್ ಕಡಿದರೆ ಎಲ್ಲರದ್ದೂ ಕಡಿಯುತ್ತಿತ್ತು, ಅವನ ಫೋನಿನಿಂದ ಕೂಡಿಸಿದ್ದಲ್ಲವೆ. ವರ್ಷಗಟ್ಟಲೆ ಹೀಗೇ ನಡೆಯಿತು. ಅವಳು ಯಾರಿಗೂ ಹೇಳಲಿಲ್ಲ.

ಆಮೇಲೆ ಅವನಿಗೆ ಕೆಮ್ಮು ಹಿಡಿಯಿತು. ಕೆಮ್ಮು ಅಂತ ಅಂದುಕೊಂಡದ್ದು ಕೆಮ್ಮಾಗಿರಲಿಲ್ಲ. ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ಅವಳನ್ನೂ ಗುಬ್ಬಿಯನ್ನೂ ಹೊರಗೆ ಕರೆದು, ಎದೆಯೊಳಗೆ ಎಲ್ಲ ಹರಡಿಬಿಟ್ಟಿದೆ, ಇನ್ನು ನಮ್ಮ ಕೈಯಲ್ಲಿಲ್ಲ ಅಂದರು. ಮೈದುನಂದಿರಿಗೂ ಹೇಳಿದ್ದಾಯಿತು. ಅವನಿಗೆ ಮಾತ್ರ ಹೇಳಬಾರದು ಅಂತ ಎಲ್ಲರೂ ಮಾತಾಡಿಕೊಂಡರು. ಹುಷಾರಾದ ಮೇಲೆ ಮನೆಗೆ ಹೋಗೋಣ ಅಂತ ಅವಳು ದಿನಾ ಹೇಳುತ್ತಿದ್ದಳು. ಅವನು ನಂಬುತ್ತಿದ್ದ. ಮನೆಗೆ ಹೋದ ಮೇಲೆ ಮೇಜಿನ ಬಟ್ಟೆ ಬದಲಾಯಿಸಬೇಕು ಅನ್ನುತ್ತಿದ್ದ.

ಒಂದು ಮಧ್ಯಾಹ್ನ, ಫೋನ್ ಕೊಡು ಅಂದ.

"ಇವತ್ತು ಭಾನುವಾರ ಅಲ್ವಲ್ರೀ."

"ಇರಲಿ. ಒಂದ್ಸಲ ಕೂಡಿಸ್ತೀನಿ."

ಮೂವರನ್ನೂ ಕೂಡಿಸಿದ. ಕೂಡಿಸುವಷ್ಟರಲ್ಲಿ ಏದುಸಿರು ಬಂತು. ಫೋನನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದ. ಅವಳು ಬಿಸಿನೀರು ತರಲು ಫ್ಲಾಸ್ಕು ಹಿಡಿದು ಕೆಳಗೆ ಹೋದಳು. ನಲ್ಲಿಯ ಮುಂದೆ ಸಾಲಿತ್ತು. ವಾಪಸು ಬಂದಾಗ ಫೋನಿನಿಂದ "ಅಣ್ಣಾ, ಅಣ್ಣಾ" ಅಂತ ಸ್ವರ ಬರುತ್ತಿತ್ತು. ಅವನು ಕೆಂಪು ಗುಂಡಿ ಒತ್ತಿ ಫೋನನ್ನು ದಿಂಬಿನ ಕೆಳಗೆ ತಳ್ಳಿದ. ಅವಳ ಮುಖ ನೋಡಿದ.

"ಹೌದೇನೇ?" ಅಂದ.

"ಏನ್ರೀ?"

"ಏನಿಲ್ಲ. ನೀರು ಕೊಡು."

ನೀರು ಕುಡಿದು ಗೋಡೆಯ ಕಡೆ ಮಗ್ಗುಲಾದ. ಆಮೇಲೆ ಮನೆಗೆ ಹೋಗುವ ಮಾತು ಎತ್ತಲಿಲ್ಲ. ಮಾರನೆಯ ದಿನ ಮಧ್ಯಾಹ್ನದ ಊಟದ ಗಾಡಿ ವಾರ್ಡಿಗೆ ಬರುವ ಮುಂಚೆ ಅವನು ಹೋಗಿಬಿಟ್ಟ.

ಎಲ್ಲರೂ ಬಂದರು, ಅತ್ತರು, ಹೋದರು. ಜನ ಎಷ್ಟು ದಿನ ಇರುತ್ತಾರೆ? ಬಟ್ಟೆ ಗಂಟುಗಳು ಮಾತ್ರ ಬರುವುದನ್ನು ಬಿಡಲಿಲ್ಲ. ಅವಳು ಪೆಟ್ಟಿಗೆ ಹಿಡಿದಳು. ಅವನು ಹಿಡಿಯುತ್ತಿದ್ದ ಕಡೆ ಹಿಡಿಕೆ ಸವೆದು ಅವನ ಕೈಯ ಅಳತೆಗೆ ಬಂದಿತ್ತು. ಅವಳ ಕೈಗೆ ಅದು ಒಗ್ಗಲಿಲ್ಲ. ಮೊದಲ ವಾರವೇ ಯಾರದ್ದೋ ಬಿಳಿ ಅಂಗಿಯ ತೋಳು ಸುಟ್ಟಳು. ಆ ಅಂಗಿಯವರು ಏನೂ ಅನ್ನಲಿಲ್ಲ. ಬೈದಿದ್ದರೆ ಅಳುವುದಕ್ಕಾದರೂ ಒಂದು ನೆಪ ಸಿಗುತ್ತಿತ್ತು. ಭಾನುವಾರ ಬಂದರೆ ಫೋನು ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಯಾರೂ ಯಾರಿಗೂ ಮಾಡಲಿಲ್ಲ. ಹೌದೇನೇ ಅಂತ ಅವನು ಕೇಳಿದ್ದು ಏನು ಅಂತ ಅವಳು ಇಸ್ತ್ರಿ ಮಾಡುವಾಗೆಲ್ಲ ಯೋಚಿಸುತ್ತಿದ್ದಳು. ತಿಳಿಯಲಿಲ್ಲ.

ಗುಬ್ಬಿಯ ಗಂಡ ಸೈಕಲ್ ರಿಪೇರಿಯವನು, ಮಾತು ಕಡಿಮೆ. ಅವನೇ ಫೋನ್ ಮಾಡಿದ ಅಂದರೆ ಏನೋ ಆಗಿರಬೇಕು.

"ಅಕ್ಕಾ, ಇವಳು ತುತ್ತು ಮುಟ್ತಾ ಇಲ್ಲ. ನೀರು ಬಿಟ್ಟರೆ ಏನೂ ಇಲ್ಲ. ಬೇಕರಿಗೂ ಹೋಗ್ತಿಲ್ಲ. ಕೇಳಿದ್ರೆ ಗೋಡೆ ಕಡೆ ತಿರುಗಿ ಮಲ್ಕೊಳ್ತಾಳೆ. ಹೀಗೇ ಆದ್ರೆ ಇವಳೂ ಉಳಿಯಲ್ಲ ಅಕ್ಕಾ. ನೀವೊಂದ್ಸಲ ಬನ್ನಿ."

ಅವಳು ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದಳು.

ಗುಬ್ಬಿಯ ಮನೆ ಬೇಕರಿಯ ಹಿಂದಿನ ಓಣಿಯಲ್ಲಿ, ಮಹಡಿಯ ಮೇಲೆ ಒಂದೇ ಕೋಣೆ. ಕಿಟಕಿಯಿಂದ ಇಡೀ ದಿನ ಬಿಸಿ ಬನ್ನಿನ ವಾಸನೆ. ಆ ವಾಸನೆಯ ನಡುವೆ ಗುಬ್ಬಿ ಉಪವಾಸ ಬಿದ್ದಿದ್ದಳು. ಕೊರಳ ಎಲುಬು ಎದ್ದು ಕಾಣುತ್ತಿತ್ತು.

"ಏಳೇ ಮೇಲೆ. ಗಂಡನ್ನ ಕಳ್ಕೊಂಡೋಳು ನಾನು. ನಾನು ಎದ್ದು ಓಡಾಡ್ತಿದೀನಿ. ನಿಂದೇನೇ ಇದು?"

ಗುಬ್ಬಿ ಏಳಲಿಲ್ಲ. "ನನ್ನ ಮುಖ ನೋಡಬೇಡ ಅತ್ತಿಗೆ. ಅಣ್ಣನ್ನ ಕೊಂದೋಳು ನಾನು."

"ಬಾಯಿಗೆ ಬಂದ ಹಾಗೆ ಮಾತಾಡಬೇಡ."

"ಬಾಯಿಗೆ ಬಂದ ಹಾಗೆ ಮಾತಾಡಿದ್ದಕ್ಕೇ ಹೀಗಾಗಿದ್ದು."

ಆಮೇಲೆ ಒಂದೊಂದಾಗಿ ಹೇಳಿದಳು. ಆವತ್ತು ಅಣ್ಣ ಆಸ್ಪತ್ರೆಯಿಂದ ಎಲ್ಲರನ್ನೂ ಕೂಡಿಸಿದ್ದ. ಡ್ರೈವರ್, ಅಣ್ಣನನ್ನು ಇನ್ನೊಂದು ದೊಡ್ಡ ಆಸ್ಪತ್ರೆಗೆ ಹಾಕೋಣ, ಆಪರೇಷನ್ ಮಾಡಿಸೋಣ ಅಂದ. ಸೌಟು, ಬೇಡ ಮನೆಗೆ ಕರಕೊಂಡು ಹೋಗೋಣ ಅಂದ. ಮಾತಿಗೆ ಮಾತು ಬೆಳೆಯಿತು. ನೀನೇನು ಕಂಡಿದೀಯ, ನೀನೇನು ಕಡಿದಿದೀಯ ಅಂತ ಶುರುವಾಯಿತು. ಗುಬ್ಬಿಗೆ ತಡೆಯಲಾಗಲಿಲ್ಲ.

"ನಾನು ಕಿರುಚಿಬಿಟ್ಟೆ ಅತ್ತಿಗೆ. ಅಣ್ಣ ಹೇಗಿದ್ರೂ ಉಳಿಯಲ್ಲ ಕಣೋ, ಡಾಕ್ಟ್ರೇ ಹೇಳಿಯಾಯ್ತು, ಸಾಯೋನ ಮೈ ಯಾಕೋ ಕೊಯ್ಸಕ್ಕೆ ಹೊರಟಿದೀಯ ಅಂತ. ಅವನು ಲೈನಲ್ಲಿದಾನೆ ಅನ್ನೋದೇ ಮರ್ತುಹೋಯ್ತು. ಅವನು ಮಾತೇ ಆಡಲ್ವಲ್ಲ! ಇದ್ದೂ ಇಲ್ಲದ ಹಾಗೆ ಇರ್ತಿದ್ನಲ್ಲ! ಆಮೇಲೆ ಸೌಟಣ್ಣ ಅಂದ, ಏಯ್ ಗುಬ್ಬಿ, ಇದು ಯಾರ ಫೋನು ಗೊತ್ತೇನೇ ಅಂತ. ಅಣ್ಣಾ ಅಣ್ಣಾ ಅಂತ ಕರೆದ್ವಿ. ಕಟ್ಟಾಯ್ತು. ಮಾರನೇ ದಿನವೇ..."

ಅತ್ತಿಗೆ ಮಂಚದ ಸರಳು ಹಿಡಿದುಕೊಂಡಳು.

ಹೌದೇನೇ ಅಂತ ಅವನು ಕೇಳಿದ್ದು ಇದನ್ನು.

ತನಗೆ ಆಗ ತಿಳಿಯಲಿಲ್ಲ. ತಿಳಿದಿದ್ದರೆ ಏನು ಹೇಳುತ್ತಿದ್ದಳೋ ಅದೂ ಈಗ ತಿಳಿಯಲಿಲ್ಲ. ಅವನು ಆವತ್ತು ಹೋಲ್ಡಿನಲ್ಲಿ ಇಟ್ಟಿರಲಿಲ್ಲ. ಮಾಡಲು ಕೈಯಲ್ಲಿ ಇಸ್ತ್ರಿ ಇರಲಿಲ್ಲ, ತಮ್ಮ ತಂಗಿಯ ಸ್ವರ ಕೇಳಬೇಕು ಅನ್ನಿಸಿತ್ತು. ಕೇಳಿದ. ಒಂದು ಸಂಜೆ, ಒಂದು ರಾತ್ರಿ ಅದನ್ನು ಎದೆಯಲ್ಲಿಟ್ಟುಕೊಂಡು ಗೋಡೆ ನೋಡುತ್ತ ಮಲಗಿದ್ದ. ಹೆಂಡತಿ ಪಕ್ಕದಲ್ಲೇ ಕೂತು ಕಿತ್ತಳೆ ಸುಲಿಯುತ್ತಿದ್ದಳು.

ಸೆರಗಿನಿಂದ ಮುಖ ಒರೆಸಿಕೊಂಡಳು. ಮಂಚದ ಮೇಲೆ ಇರುವುದು ತಾನು ಎತ್ತಿ ಆಡಿಸಿದ ಕೂಸು.

"ಅವರು ಅದನ್ನ ಕೇಳಿಸ್ಕೊಂಡಿಲ್ಲ," ಅಂದಳು.

ಗುಬ್ಬಿ ತಲೆ ತಿರುಗಿಸಿದಳು.

"ನಿಮ್ಮಣ್ಣ ನಿಮ್ಮನ್ನ ಹೋಲ್ಡಲ್ಲಿ ಇಡ್ತಿದ್ರು. ಯಾವಾಗ್ಲೂ. ಕೂಡಿಸೋದು, ಹೋಲ್ಡಲ್ಲಿ ಇಡೋದು, ಇಸ್ತ್ರಿ ಮಾಡೋದು. ನೀವು ಮಾತಾಡಿದ್ದು ಒಂದಕ್ಷರನೂ ಅವರ ಕಿವಿಗೆ ಬೀಳ್ತಿರಲಿಲ್ಲ. ಆವತ್ತೂ ಅಷ್ಟೇ."

ಗುಬ್ಬಿ ಸೊರಗಿದ ಮುಖದಲ್ಲೇ ನಕ್ಕಳು. ಅದನ್ನು ನೋಡುವುದು ಅಳು ನೋಡುವುದಕ್ಕಿಂತ ಕಷ್ಟವಾಗಿತ್ತು. "ನಾನು ಚಿಕ್ಕೋಳಿದ್ದಾಗ ನೀನು ಸಕ್ಕರೆ ನೀರು ಅಂತ ಹೇಳಿ ಕಹಿ ಔಷಧಿ ಕುಡಿಸ್ತಿದ್ದೆ. ಇದೂ ಹಾಗೇ ಅಲ್ವಾ ಅತ್ತಿಗೆ? ಅಣ್ಣ ಎಲ್ಲಾನೂ ಕೇಳಿಸ್ಕೊಳ್ತಿದ್ದ. ನನಗೆ ಗೊತ್ತು."

"ಗೊತ್ತಿಲ್ಲ ನಿನಗೆ. ತೋರಿಸ್ತೀನಿ. ಭಾನುವಾರ ಫೋನ್ ಎತ್ತು."

"ನನಗೆ ಯಾರ ಜೊತೆನೂ..."

"ಎತ್ತು ಅಂದೆ. ಮಿಕ್ಕಿದ್ದು ಆಮೇಲೆ."

ಮನೆಗೆ ಬಂದು ಫೋನ್ ಹಿಡಿದು ಕೂತಳು. ಅವಳದ್ದು ಗುಂಡಿ ಒತ್ತುವ ಹಳೆ ಫೋನು. ಗಂಡನದ್ದು ಗಾಜಿನ ಹಾಗೆ, ಎಲ್ಲಿ ಮುಟ್ಟಿದರೆ ಎಲ್ಲಿಗೆ ಹೋಗುತ್ತದೋ. ಅವನು ಮಾಡುವುದನ್ನು ನೋಡಿದ್ದಳು, ಮಾಡಿರಲಿಲ್ಲ. ಅದರಲ್ಲಿ ಏನು ಬರೆದಿದೆ ಅಂತ ಓದಲು ಅವಳಿಗೆ ಹೊತ್ತು ಹಿಡಿಯುತ್ತಿತ್ತು. ಚಿತ್ರ ನೋಡಿ ಗುರುತು ಹಿಡಿದಳು. ಎರಡು ಗೆರೆ ನಿಂತದ್ದು ಹೋಲ್ಡು. ಎರಡು ದಾರಿ ಬಂದು ಒಂದಾಗುವುದು ಕೂಡಿಸುವುದು. ತನ್ನ ಹಳೆ ಫೋನಿಗೇ ಒಂದು ಸಲ ಹಚ್ಚಿ ಅಭ್ಯಾಸ ಮಾಡಿದಳು. ಒಂದು ಫೋನಿನಲ್ಲಿ ಹಲೋ ಅಂದು ಇನ್ನೊಂದರಲ್ಲಿ ಕೇಳಿಸಿಕೊಂಡಳು. ತನ್ನ ಫೋನಿನಲ್ಲಿ ಗಂಡನ ಹೆಸರು ಬೆಳಗುತ್ತಿತ್ತು. ಇನ್ನೊಂದು ಸಲ ಹಾಗೆ ಮಾಡಲಿಲ್ಲ.

ಭಾನುವಾರ ಬಟ್ಟೆ ಗಂಟು ಒಂದನ್ನೂ ಬಿಚ್ಚದೆ ಸ್ಟೂಲಿನ ಮೇಲೆ ಕೂತಳು. ಸೌಟಿಗೆ ಹಚ್ಚಿದಳು. ಇರಪ್ಪಾ ಅಂತ ಹೇಳಿ ಡ್ರೈವರನಿಗೆ ಹಚ್ಚಿದಳು.

"ಯಾರು? ಅಣ್ಣನ ನಂಬರ್ ನೋಡಿ ಎದೆ ಧಸಕ್ ಅಂತು ಅತ್ತಿಗೆ."

"ನಾನೇ. ಸೌಟು ಲೈನಲ್ಲಿದಾನೆ. ಮಾತಾಡು."

"ಎಲ್ಲಿದಾನೆ? ಲೋ ಸೌಟು! ಸೌಟೂ! ಯಾರೂ ಇಲ್ಲ ಅತ್ತಿಗೆ."

ಕೂಡಿಸುವುದು ಮರೆತಿದ್ದಳು. ಯಾವುದೋ ಚಿತ್ರ ಒತ್ತಿದಳು. ಡ್ರೈವರ್ ಹೋದ, ಸೌಟು ಬಂದ.

"ಅತ್ತಿಗೆ, ಇರು ಅಂದ್ರಿ, ಇದೀನಿ. ಪಲ್ಯ ತಳ ಹಿಡಿದ್ರೆ ಹುಡುಗ್ರು ನನ್ನನ್ನ ಹುರೀತಾರೆ."

ಮತ್ತೆ ಒತ್ತಿದಳು. ಈ ಸಲ ಎರಡು ದಾರಿಯ ಚಿತ್ರ ಸಿಕ್ಕಿತು. ಇಬ್ಬರೂ ಒಟ್ಟಿಗೆ ಹಲೋ ಅಂದರು. ಗುಬ್ಬಿಗೆ ಹಚ್ಚಿದಳು. ರಿಂಗಾಯಿತು, ರಿಂಗಾಯಿತು, ಇನ್ನೇನು ನಿಲ್ಲಬೇಕು, ಎತ್ತಿದಳು. ಉಸಿರು ಮಾತ್ರ ಕೇಳುತ್ತಿತ್ತು. ಅವಳನ್ನೂ ಕೂಡಿಸಿದಳು.

"ಕೇಳಿ ಎಲ್ಲರೂ. ಒಂದು ಮಾತಿದೆ. ನಿಮ್ಮಣ್ಣ ಹೇಳಬೇಡ ಅಂದಿದ್ರು. ಹೇಳ್ತಿದೀನಿ," ಅಂತ ಶುರು ಮಾಡಿ ಹೋಲ್ಡಿನ ವಿಷಯ ಹೇಳಿಬಿಟ್ಟಳು. ಸುತ್ತಿ ಬಳಸಿ ಹೇಳಲು ಅವಳಿಗೆ ಬರುವುದಿಲ್ಲ.

ಮೊದಲು ಡ್ರೈವರ್ ಬಾಯಿಬಿಟ್ಟ. "ಸುಮ್ನಿರಿ ಅತ್ತಿಗೆ. ಹಾಗೆಲ್ಲ ಆಗಲ್ಲ. ಹೋಲ್ಡಲ್ಲಿ ಇಟ್ರೆ ನಮಗೂ ಕೇಳಲ್ಲ."

"ಆಗುತ್ತೆ. ಈಗ ನಾನು ಇಡ್ತೀನಿ. ನೀವು ಮೂವರೂ ನನ್ನನ್ನ ಬೈಕೊಳ್ಳಿ. ಆಮೇಲೆ ಏನು ಬೈದ್ವಿ ಅಂತ ಕೇಳಿ."

ಎರಡು ಗೆರೆಯ ಮೇಲೆ ಬೆರಳಿಟ್ಟಳು.

ಸದ್ದು ನಿಂತಿತು. ಫೋನಿನ ಮುಖದಲ್ಲಿ ಹೊತ್ತು ಓಡುತ್ತಿತ್ತು. ಅವರು ಎಲ್ಲೋ ಮಾತಾಡುತ್ತಿದ್ದಾರೆ, ಅವಳಿಗೆ ಕೇಳುತ್ತಿಲ್ಲ. ಕೋಣೆಯಲ್ಲಿ ಬಟ್ಟೆಯ ವಾಸನೆ, ಹೊರಗೆ ಯಾರೋ ಸೈಕಲ್ ಬೆಲ್ಲು ಹೊಡೆದರು. ಹೀಗೆ ಇರುತ್ತಿದ್ದನಲ್ಲ ಅವನು. ಎಲ್ಲರೂ ಒಟ್ಟಿಗಿದ್ದಾರೆ, ಕ್ಷೇಮವಾಗಿದ್ದಾರೆ, ಯಾರ ಮಾತೂ ಚುಚ್ಚುವುದಿಲ್ಲ. ಅದನ್ನು ಅವಳು ತಮಾಷೆ ಅಂತ ತಿಳಿದಿದ್ದಳು. ಸ್ವಲ್ಪ ಹೆಚ್ಚೇ ಹೊತ್ತು ಕೂತಳು. ಆಮೇಲೆ ಹೋಲ್ಡ್ ತೆಗೆದಳು.

"ಹೇಳಿ ನೋಡೋಣ ಅತ್ತಿಗೆ, ನಾನು ಏನಂದೆ?" ಡ್ರೈವರನ ಸ್ವರದಲ್ಲಿ ನಗು ಇತ್ತು, ಹೆದರಿಕೆಯೂ ಇತ್ತು.

"ನನಗೇನು ಗೊತ್ತು? ನಾನು ಇರಲಿಲ್ಲ."

"ಅಯ್ಯೋ ಅಯ್ಯೋ! ನೀವು ಕೊಡೋ ಟೀ ಕುಡಿದ್ರೆ ಬಸ್ಸಿನ ಇಂಜಿನ್‌ಗೂ ವಾಂತಿ ಬರುತ್ತೆ ಅಂದೆ. ಕೇಳಿಸಿದ್ರೆ ನೀವು ಬಿಡ್ತಿದ್ರಾ? ಬಿಡ್ತಿರಲಿಲ್ಲ. ಹಾಗಾದ್ರೆ ನಿಜ. ಅದಕ್ಕೇ! ಅದಕ್ಕೇ ಯಾವಾಗ್ಲೂ ಎಲ್ಲರದ್ದೂ ಸರಿ ಅಂತಿದ್ದ ಕಳ್ಳ! ಲೋ ಸೌಟು, ನೆನಪಿದೆಯಾ, ನಾನು ಒಂದ್ಸಲ ಅವನಿಗೇ ಬೈದಿದ್ದೆ, ನೀನು ಕಲ್ಲು ಬಂಡೆ ಅಂತ. ಆಯ್ತಾ, ಊಟ ಮಾಡಿ ಮಲ್ಕೊಳ್ಳಿ ಅಂದ! ಎಷ್ಟು ದೊಡ್ಡ ಮನಸ್ಸು ಅಂತ ನಾನು ರಾತ್ರಿಯೆಲ್ಲ ಅತ್ತೆ ಕಣೋ!"

ಗುಬ್ಬಿಯ ಸ್ವರ ಬಂತು. ಬಾವಿಯ ಒಳಗಿಂದ ಬಂದ ಹಾಗಿತ್ತು. "ನಾನು ಗಂಡನ ಮನೆಗೆ ಹೋಗಲ್ಲ ಅಂತ ರಂಪ ಮಾಡಿದಾಗಲೂ ಹಾಗೇ ಅಂದಿದ್ದ. ಎಲ್ಲರದ್ದೂ ಸರಿಯಿದೆ ಅಂತ. ನಾನೊಬ್ಬಳೇ ಮಾತಾಡಿದ್ದು ಆವತ್ತು. ಎಲ್ಲರದ್ದು ಎಲ್ಲಿಂದ ಬಂತು?"

"ಅದೇ ಕಣೇ," ಅಂದಳು ಅವಳು.

"ಹಾಗಾದ್ರೆ ಆಸ್ಪತ್ರೆಯಲ್ಲಿ..."

"ಆಸ್ಪತ್ರೆಯಲ್ಲೂ ಅಷ್ಟೇ. ಫೋನು ಹೊಟ್ಟೆ ಮೇಲಿತ್ತು, ಹೋಲ್ಡಲ್ಲಿತ್ತು. ನಾನು ಬಂದಾಗ ಅವರೇ ತೆಗೆದ್ರು. ನೀವು ಅಣ್ಣಾ ಅಣ್ಣಾ ಅಂತಿದ್ರಿ, ಸುಸ್ತಾಗಿದೆ ಅಂತ ಕಟ್ ಮಾಡಿದ್ರು."

ಗುಬ್ಬಿ ಅಳಲು ಶುರು ಮಾಡಿದಳು. ಈ ಅಳು ಬೇರೆ. ಮೂಗು ಸೊರಸೊರ ಅನ್ನುವ, ಚಿಕ್ಕಂದಿನ ಅಳು. ಅದನ್ನು ಕೇಳಿದ ಅತ್ತಿಗೆಯ ಎದೆ ಸ್ವಲ್ಪ ಹಗುರಾಯಿತು. ಸುಳ್ಳು ನೆಲೆ ನಿಂತಿತು ಅಂದುಕೊಂಡಳು.

ಅಷ್ಟು ಹೊತ್ತೂ ಸೌಟು ಮಾತಾಡಿರಲಿಲ್ಲ.

"ಅತ್ತಿಗೆ," ಅಂದ. "ನನ್ನ ಮಗು ಹೋಯ್ತಲ್ಲ, ಆ ವಾರ?"

ಅವಳಿಗೆ ಥಟ್ಟನೆ ತಿಳಿಯಿತು. ಸೌಟಿನ ಮಗಳು ಜ್ವರ ಬಂದು ತೀರಿಕೊಂಡ ವಾರ. ಆ ಭಾನುವಾರ ಗುಬ್ಬಿಯೂ ಡ್ರೈವರನೂ ಲೈನಿನಲ್ಲಿದ್ದರು, ಸೌಟು ಒಬ್ಬನೇ ಮಾತಾಡಿದ್ದ. ಮಗುವಿನ ಕಾಲು ಹೇಗೆ ತಣ್ಣಗಾಯಿತು ಅನ್ನುವುದರಿಂದ ಹಿಡಿದು ಎಲ್ಲ. ಆಮೇಲೆ ಕಂಡಕಂಡವರ ಹತ್ತಿರ ಅವನು ಹೇಳುತ್ತಿದ್ದ, ನಮ್ಮಣ್ಣ ಆವತ್ತು ಒಂದು ಮಾತೂ ಆಡಲಿಲ್ಲ, ಆದರೆ ಪೂರ್ತಿ ಕೇಳಿಸಿಕೊಂಡ, ಅದರಿಂದಲೇ ನಾನು ಹಗ್ಗಕ್ಕೆ ಕೈ ಹಾಕದೆ ಉಳಿದೆ ಅಂತ.

ಅದು ನಿಜವೇ ಆಗಿತ್ತು. ಆವತ್ತು ಗಂಡ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತು, ಫೋನು ಕಿವಿಗೆ ಒತ್ತಿಕೊಂಡು, ಇದೇ ಸ್ಟೂಲಿನ ಮೇಲೆ ಕೂತಿದ್ದ. ಬಟ್ಟೆ ಕೇಳಲು ಬಂದವರನ್ನು ಅವಳೇ ಬಾಗಿಲಲ್ಲಿ ತಡೆದು ಕಳಿಸಿದ್ದಳು. ಅವನ ಕಣ್ಣೀರು ಯಾರದ್ದೋ ಅಂಗಿಯ ಮೇಲೆ ಬಿದ್ದು ಅದನ್ನು ಮತ್ತೆ ಇಸ್ತ್ರಿ ಮಾಡಬೇಕಾಯಿತು.

"ಅತ್ತಿಗೆ, ಆವತ್ತೂ ಹೋಲ್ಡಲ್ಲಿ ಇಟ್ಟಿದ್ನಾ?"

ಇಲ್ಲಪ್ಪಾ ಅನ್ನಲು ಬಾಯಿ ತೆರೆದಳು. ಗುಬ್ಬಿಯ ಮೂಗಿನ ಸದ್ದು ನಿಂತಿತ್ತು. ಅವಳು ಕೇಳಿಸಿಕೊಳ್ಳುತ್ತಿದ್ದಳು. ಒಂದು ದಿನ ಕೇಳಿಸಿಕೊಂಡ ಅಂದರೆ ಇನ್ನೊಂದು ದಿನವೂ ಕೇಳಿಸಿಕೊಂಡಿರಬಹುದು. ಸೌಟಿಗೆ ಕಷ್ಟ ಬಂದಾಗ ಹೋಲ್ಡ್ ತೆಗೆದವನು ತನ್ನ ಸಾವಿನ ಹೊತ್ತಿನಲ್ಲಿ ತೆಗೆಯದೆ ಇರುತ್ತಾನೆಯೆ? ಗುಬ್ಬಿಗೆ ಅಷ್ಟು ಬುದ್ಧಿಯಿತ್ತು. ಇಲ್ಲ ಅನ್ನುವ ಒಂದು ಮಾತಿಗೆ ಅವಳು ಮತ್ತೆ ಗೋಡೆಯ ಕಡೆ ತಿರುಗುತ್ತಿದ್ದಳು.

ಸೌಟು ಕಾಯುತ್ತಿದ್ದ. ಅವನ ಹಿಂದೆ ದೊಡ್ಡ ಪಾತ್ರೆಗಳ ಸದ್ದು.

"ಹ್ಞೂಂ ಕಣಪ್ಪಾ," ಅಂದಳು. "ಆವತ್ತೂ ಅಷ್ಟೇ."

"ನೀವು ನೋಡಿದ್ರಾ?"

"ನೋಡ್ದೆ. ಭಾನುವಾರ ಅಲ್ವಾ. ಕೆಲಸ ಜಾಸ್ತಿ ಇತ್ತು."

ಸೌಟು ಬೈಯುತ್ತಾನೆ ಅಂತ ಕಾದಳು. ಬೈಯಲಿಲ್ಲ. "ಆಯ್ತು ಅತ್ತಿಗೆ. ಒಲೆ ಮೇಲೆ ಹಾಲಿದೆ," ಅಂದ. ಫೋನಿನ ಮುಖದಿಂದ ಅವನ ಹೆಸರು ಹೋಯಿತು.

"ಇವನಿಗೇನಾಯ್ತು? ಸತ್ತವನ ಮೇಲೆ ಸಿಟ್ಟಾ?" ಅಂದ ಡ್ರೈವರ್. ಅವನು ಇನ್ನೂ ಹಳೆಯದನ್ನೆಲ್ಲ ಕೆದಕಿ ಕೆದಕಿ ಅಣ್ಣನನ್ನು ಬೈಯುತ್ತಿದ್ದ, ನಗುತ್ತಿದ್ದ, ನಡುವೆ ಅಳುತ್ತಿದ್ದ. ಕಳ್ಳ, ಕಪಟಿ, ಮಹಾ ಘಾಟಿ ಅಂದ. ಗಂಡನನ್ನು ಯಾರೂ ಹಾಗೆಲ್ಲ ಅಂದದ್ದನ್ನು ಅವಳು ಕೇಳಿರಲಿಲ್ಲ. ಕೇಳುತ್ತ ಕೂತಳು. ತಾನು ಕಡಿದರೆ ಎಲ್ಲರದ್ದೂ ಕಡಿಯುತ್ತದೆ.

"ಅತ್ತಿಗೆ," ಅಂದಳು ಗುಬ್ಬಿ. "ತಲೆ ಸುತ್ತುತ್ತಿದೆ. ಹಸಿವು ಅನ್ನಿಸುತ್ತೆ."

"ಮನೆಯಲ್ಲಿ ಏನಿದೆ?"

"ಬನ್ನಿದೆ. ಇವರು ಬೆಳಿಗ್ಗೆ ತಂದಿಟ್ಟಿದಾರೆ."

"ಹಾಲಲ್ಲಿ ಅದ್ದಿ ತಿನ್ನು. ಒಂದೇ ಸಲ ತುಂಬ ತಿನ್ನಬೇಡ, ಹೊಟ್ಟೆ ಖಾಲಿ ಇದೆ."

"ತಿನ್ನೇ ತಿನ್ನು," ಅಂದ ಡ್ರೈವರ್. "ನಿನ್ನ ಬಾಯಲ್ಲಿ ಬನ್ನಿದ್ರೆ ನಮಗೂ ಮಾತಾಡಕ್ಕೆ ಜಾಗ ಸಿಗುತ್ತೆ."

ಗುಬ್ಬಿ ಮೆಲ್ಲುವುದು ಕೇಳಿಸಿತು. ಕೆಮ್ಮಿದಳು, ನೀರು ಕುಡಿದಳು, ಮತ್ತೆ ಮೆದ್ದಳು.

ಮಾರನೆಯ ವಾರ ಗುಬ್ಬಿ ಬೇಕರಿಗೆ ಹೋದಳು ಅಂತ ಅವಳ ಗಂಡ ಫೋನ್ ಮಾಡಿ ಬಿಕ್ಕಿ ಬಿಕ್ಕಿ ಅತ್ತ. ಅಣ್ಣ ಹೋಲ್ಡಿನಲ್ಲಿ ಇಡುತ್ತಿದ್ದ ಕಥೆಯನ್ನು ಗುಬ್ಬಿ ಬನ್ ಕೊಳ್ಳಲು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದಾಳಂತೆ.

ಇತ್ತ ಅತ್ತಿಗೆ ಸೌಟಿಗೆ ದಿನಾ ಹಚ್ಚಿದಳು, ಅವನು ಎತ್ತಲಿಲ್ಲ. ಒಂದು ಸಲ ಅವನ ಹೆಂಡತಿ ಎತ್ತಿ, "ಅಡುಗೆಮನೆಯಲ್ಲಿದಾರೆ ಅಕ್ಕಾ, ಯಾಕೋ ಮಾತು ಕಡಿಮೆ ಮಾಡಿದಾರೆ," ಅಂದಳು. ಸೌಟು ಎತ್ತಿದರೆ ಏನು ಹೇಳಬೇಕು ಅಂತ ಅವಳಿಗೂ ಗೊತ್ತಿರಲಿಲ್ಲ. ಅವನಿಗೆ ನಿಜ ಹೇಳಿದರೆ ಅದು ಅವನ ಹೊಟ್ಟೆಯಲ್ಲಿ ಉಳಿಯುವುದಿಲ್ಲ. ಅಣ್ಣ ನನ್ನ ಮಾತು ಕೇಳಿದ್ದ ಅಂತ ಎಲ್ಲರಿಗೂ ಹೇಳಬೇಕು ಅನ್ನಿಸುತ್ತದೆ, ಮೊದಲು ಗುಬ್ಬಿಗೇ ಹೇಳುತ್ತಾನೆ. ಹೇಳದಿದ್ದರೆ ಅವನು ಒಳಗೊಳಗೇ ಒಣಗುತ್ತಾನೆ. ಆದರೂ ಹಚ್ಚಿದಳು.

ಭಾನುವಾರ ಸಂಜೆ ಮತ್ತೆ ಮೊದಲು ಸೌಟಿಗೇ ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು. ಡ್ರೈವರನನ್ನೂ ಗುಬ್ಬಿಯನ್ನೂ ಕೂಡಿಸಿದಳು.

"ಸೌಟಣ್ಣ ಎಲ್ಲಿ ಅತ್ತಿಗೆ?" ಅಂದಳು ಗುಬ್ಬಿ, ಬಾಯಿ ತುಂಬ ಏನೋ ಇತ್ತು.

"ಹಾಸ್ಟೆಲಲ್ಲಿ ಊಟದ ಹೊತ್ತಿರಬೇಕು," ಅಂದಳು ಅವಳು. ಊಟದ ಹೊತ್ತು ಇನ್ನೂ ಆಗಿರಲಿಲ್ಲ.